ಪಾದ್ರಿಯ ಗಿಟಾರಿಗೆ ಮಡಿ ತಂತಿ

ಸದಾಶಿವ ಪೇಠ, ಪುಣೆ
ಸಂಕ್ರಾಂತಿಯ ಮರುದಿನ, ೧೯೩೭

ತೀರ್ಥರೂಪ ಅಪ್ಪನವರ ಚರಣಗಳಿಗೆ,

ನಿಮ್ಮ ಇಂದೂ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಕೂಸು ತೊಡೆಯ ಮೇಲಿದೆ; ಅಕ್ಷರ ಓರೆಯಾದರೆ ಸಿಟ್ಟು ನನ್ನ ಮೇಲಲ್ಲ, ನಿಮ್ಮ ಮೊಮ್ಮಗಳು ಶಾಮಲೆಯ ಮೇಲೆ ಮಾಡಿರಿ.

ಗಿಟಾರು ಒಡೆದ ಸುದ್ದಿ ಕೇಳಿ, ರಾಘಣ್ಣ ರವಿವಾರ ಧಾರವಾಡಕ್ಕೆ ಬರುವಾಗ ಅವನ ಕೈಯಲ್ಲಿ ಕಳಿಸಿಬಿಡು ಎಂದು ಬರೆದಿದ್ದೀರಿ. ಕಳಿಸುವುದಿಲ್ಲ, ಅಪ್ಪಾ. ಯಾಕೆಂದು ಹೇಳದಿದ್ದರೆ ನೀವು ನಮ್ಮ ಅತ್ತೆಯವರ ಮೇಲೆ ಮುನಿಸಿಕೊಳ್ಳುತ್ತೀರಿ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮಹಾಯುದ್ಧದ ವರ್ಷ ಊರು ಬಿಟ್ಟುಹೋದ ಜರ್ಮನ್ ಪಾದ್ರಿ, ಕನ್ನಡ ಕಲಿಸಿದ ಗುರುವಿಗೆಂದು ನಿಮ್ಮ ಕೈಗಿಟ್ಟ ವಾದ್ಯ ಅದು. ಅದರ ಸಣ್ಣ ಮೂರು ತಂತಿಗಳು ಕುರಿಯ ಕರುಳಿನವು ಎಂಬುದು ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಅವ್ವನಿಗೆ ಹೇಳದೆ ಉಳಿದಿರೋ? ನಾನಂತೂ ಬಿ.ಎ. ಆದವಳು, ಕಾಲೇಜಿನ ಗ್ಯಾದರಿಂಗಿನಲ್ಲಿ ಅದನ್ನೇ ನುಡಿಸಿದವಳು, ಒಂದು ದಿನವೂ ವಿಚಾರಿಸಲಿಲ್ಲ. ಹೋದ ವರ್ಷ ಒಂದು ತಂತಿ ಹರಿಯಿತು. ಇವರು ದಂಡಿನ ಕ್ಯಾಂಪಿನ ವಾದ್ಯದ ಅಂಗಡಿಯಲ್ಲಿ ಕೇಳಿ ಬಂದವರು, ತಂತಿ ಯಾತರದೆಂಬುದನ್ನು ಊಟಕ್ಕೆ ಕೂತಾಗಲೇ ಹೇಳಿಬಿಟ್ಟರು. ಅತ್ತೆಯವರ ಕೈಯ ಸೌಟು ಅಲ್ಲೇ ನಿಂತಿತು.

“ಕುರಿ ಕರುಳು ನನ್ನ ದೇವರಮನಿ ಮಗ್ಗಲಾಗ ತೂಗಹಾಕೀರೇನು?”

ನಾನು ತಬಲಾದ ಚರ್ಮದ ಮಾತು ತೆಗೆದೆ. “ಅದು ದೇವರ ಮುಂದ ಬಾರಿಸೂದು, ನಡೀತದ. ಇದು ಪಾದ್ರೀದು” ಅಂದರು. ಅವರೊಡನೆ ವಾದಕ್ಕೆ ಕೂತು ಗೆದ್ದವರಿಲ್ಲ. ಇವರು ಆರೂ ತಂತಿ ಬಿಚ್ಚಿ, ಬುಧವಾರ ಪೇಠೆಯಿಂದ ಸಿತಾರಿನ ಉಕ್ಕಿನ ತಂತಿ ತಂದು ಕಟ್ಟಿದರು. ಮನೆ ಶುದ್ಧವಾಯಿತು. ಗಿಟಾರು ಮಾತ್ರ ಉಕ್ಕಿನ ಬಿಗಿತಕ್ಕೆ ದಿನದಿನಕ್ಕೆ ಹೊಟ್ಟೆ ಉಬ್ಬಿಸುತ್ತ ಹೋಗಿ, ದಸರೆಯ ಮುಂದೆ ತಂತಿ ಕಟ್ಟಿದ ಪಟ್ಟಿಯೇ ಬಂದೂಕು ಹಾರಿದಂತೆ ಕಿತ್ತುಬಂತು. ಎದೆಯ ಹಲಗೆ ಸೀಳಿತು. ಕೂಸು ಬೆಚ್ಚಿಬಿದ್ದು ಸಂಜೆಯವರೆಗೆ ಅತ್ತಿತು.

ಆಮೇಲೆ ನನಗೆ ಏನಾಯಿತೆಂದರೆ, ನಿದ್ದೆ ಹೋಯಿತು. ಕೂಸು ಮಲಗಿದರೂ ನಾನು ಮಲಗಲಾರೆ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಾಡುತ್ತದೋ ಇಲ್ಲವೋ ನೋಡುತ್ತ ಕೂಡುತ್ತೇನೆ. ಗಿಟಾರು ನುಡಿಸುವಷ್ಟು ಹೊತ್ತು ಈ ಕಿವಿ ಆ ಉಸಿರನ್ನು ಬಿಟ್ಟು ಬೇರೆ ಏನನ್ನಾದರೂ ಕೇಳುತ್ತಿತ್ತು. ಅದು ಧಾರವಾಡಕ್ಕೆ ಹೋದರೆ ನಾನು ಏನು ಕೇಳಲಿ? ಇದನ್ನು ಇವರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ಗಾಬರಿಯಾಗಬೇಡಿರಿ.

ಕ್ಯಾಂಪಿನಲ್ಲಿ ದೇವದಾಸ್ ಎಂಬ ಮಂಗಳೂರಿನವರಿದ್ದಾರೆ. ಪಿಟೀಲು, ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ತಮ್ಮನ್ನು ತಾವು ಹೊಗಳಿಕೊಳ್ಳುವುದನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ಇವರು ಅವರನ್ನು ಮನೆಗೇ ಕರೆತಂದರು. ಪಡಸಾಲೆಯಲ್ಲಿ ಕೂತು ಬೆರಳಿನಿಂದ ತಟ್ಟಿ ತಟ್ಟಿ ನೋಡಿ, “ಸೀಳು ನಾನು ಕೂಡಿಸ್ತೇನೆ, ಇಡೀ ಪುಣೆಯಲ್ಲಿ ಮತ್ತೊಬ್ಬ ಕೂಡಿಸುವುದಿಲ್ಲ. ಆದರೆ ಉಕ್ಕು ಕಟ್ಟಿದರೆ ಪುನಃ ಒಡೀತದೆ. ಕರುಳೇ ಬೇಕು. ಇಲ್ಲದಿದ್ದರೆ ಗೋಡೆಗೆ ಮೊಳೆ ಹೊಡೆದು ತೂಗಹಾಕಿ, ಚಂದ ಕಾಣ್ತದೆ” ಎಂದರು.

ಅತ್ತೆಯವರು ಬಾಗಿಲ ಹಿಂದೆಯೇ ಇದ್ದರು. ಆಯಿತು, ಮುಗಿಯಿತು ಎಂದುಕೊಂಡೆ. ನಿಮ್ಮ ಹಳೆಯ ದಪ್ಪ ತಂತಿಗಳನ್ನು ನಾನು ಎತ್ತಿಟ್ಟಿದ್ದೆನಲ್ಲ, ದೇವದಾಸರು ಅದರಲ್ಲೊಂದರ ತುದಿ ಬಿಚ್ಚಿದರು. ಮೇಲೆ ಸುತ್ತಿದ ತಂತಿಯ ಒಳಗಿಂದ ಬಿಳಿ ಎಳೆಗಳು ಹೊರಬಂದವು. ಅತ್ತೆಯವರು ಹೊಸ್ತಿಲ ತನಕ ಬಂದು ಬಗ್ಗಿ ನೋಡಿದರು.

“ಇದು ರೇಷ್ಮಿ ಅಲ್ಲೇನು?”

“ಹೌದಮ್ಮಾ.”

“ದಪ್ಪನವು ಮಡಿ ಇದ್ದು ಸಣ್ಣವಕ್ಕೇನ್ ಧಾಡಿ? ಅವನ್ನೂ ರೇಷ್ಮೀದ ಮಾಡ್ರಿ.”

ದೇವದಾಸರು ತಲೆ ಕೆರೆದುಕೊಂಡರು. ಹಾಗೆ ಯಾರೂ ಮಾಡಿಸಿಲ್ಲ, ಹೊಸೆಯುವವರು ಸಿಗುವುದಿಲ್ಲ, ಸ್ವರ ಸಣ್ಣದು ಬರ್ತದೆ ಮಾರಾಯ್ರೆ ಎಂದರು. “ಸಣ್ಣ ಕೂಸಿಗೆ ಸಣ್ಣ ಸ್ವರ ಸಾಕು. ಹೊಸಿಯೂದು ನನಗ ಬಿಡ್ರಿ, ಮೂರು ಮಂದಿ ಗಂಡಸರಿಗೆ ಜನಿವಾರ ನೂತೀನಿ” ಎಂದರು ಅತ್ತೆಯವರು. ಇವರು ಸುಮ್ಮನಿರಬಾರದೇ? “ಹುಳ ಸತ್ರ ಮಡಿ, ಕುರಿ ಸತ್ರ ಮೈಲಿಗಿ, ಹೌದಲ್ಲೇನವ್ವಾ?” ಎಂದು ಕೆಣಕಿದರು. “ನೀ ಕಚೇರಿಗೆ ನಡಿ” ಎಂಬ ಉತ್ತರ ಸಿಕ್ಕಿತು.

ಮೊದಲು ಹೊಸೆದವು ಬಿಗಿಯುವಾಗಲೇ ಹರಿದವು. ಅತ್ತೆಯವರು ಎಳೆ ಹೆಚ್ಚಿಸಿ, ಜನಿವಾರದ ಹಾಗೆಯೇ ಹುರಿಯ ಮೇಲೆ ಎದುರು ಹುರಿ ಹಾಕಿದರು. ದೇವದಾಸರು ಅವನ್ನು ಗೋಂದಿನಲ್ಲಿ ಅದ್ದಿ ಒಣಗಿಸಿ, ಕೂಡಿಸಿದ ಗಿಟಾರಿಗೆ ಕಟ್ಟಿ ನಿನ್ನೆ ಎಳ್ಳು ಬೀರುವ ಹೊತ್ತಿಗೆ ತಂದರು. ಸೀಳಿನ ಗೆರೆ ಕಾಣುತ್ತದೆ. ಸ್ವರ ಪಡಸಾಲೆ ದಾಟುವುದಿಲ್ಲ. ಆದರೆ ನಾನು ನುಡಿಸಿದೆ, ಅಪ್ಪಾ. ಎಷ್ಟು ಹೊತ್ತು ನುಡಿಸಿದೆನೋ, ಕೂಸಿನ ಕಡೆ ನೋಡಿರಲೇ ಇಲ್ಲ. ನೋಡಿದಾಗ ಅತ್ತೆಯವರ ಮಡಿಲಲ್ಲಿ ಬಾಯಿ ತೆರೆದು ಮಲಗಿತ್ತು. ಮಡಿಯಲ್ಲಿರುವಾಗ ಕೂಸನ್ನೂ ಮುಟ್ಟದ ಅತ್ತೆ ಅದನ್ನು ಹಾಗೆಯೇ ಎತ್ತಿಕೊಂಡಿದ್ದರು. ನಾನೂ ಬೆಳಗಿನ ತನಕ ಮಲಗಿದೆ.

ರಾಘಣ್ಣನ ಕೈಯಲ್ಲಿ ಕುಸುರೆಳ್ಳು ಮಾತ್ರ ಕಳಿಸುತ್ತಿದ್ದೇನೆ. ಅವ್ವನಿಗೆ ನಮಸ್ಕಾರ.

ನಿಮ್ಮ ಮಗಳು
ಇಂದೂ

ತಾ.ಕ.: ರೇಷ್ಮೆ ಪೇಠೆಯಿಂದ ತರಿಸಿದ್ದೆಂದು ಅತ್ತೆಯವರು ಎಲ್ಲರಿಗೂ ಹೇಳುತ್ತಾರೆ. ಇಂದು ಬೆಳಿಗ್ಗೆ ಕೂಸಿಗೆ ದುಪಟಿ ಹುಡುಕಲು ಅವರ ಟ್ರಂಕು ತೆರೆದೆ. ಮಾವನವರು ತೀರಿಕೊಂಡ ಮೇಲೆ ಮಡಿಚಿಟ್ಟಿದ್ದ ಅವರ ಧಾರೆಸೀರೆಯ ಸೆರಗಿನಲ್ಲಿ ಒಂದು ಗೇಣಿನಷ್ಟು ರೇಷ್ಮೆಯ ಎಳೆ ಬಿಚ್ಚಿ ತೆಗೆದಿತ್ತು. ಹಾಗೆಯೇ ಮಡಿಚಿ ಮುಚ್ಚಿದೆ. ನೀವು ಅತ್ತೆಯವರಿಗೆ ಪತ್ರ ಬರೆದರೆ ತಂತಿ ಚೆನ್ನಾಗಿದೆಯೆಂದು ಮಾತ್ರ ಬರೆಯಿರಿ.