ಮುಟ್ಟಾದವರು ಬರಬಾರದ ಮುಟ್ಟಿನ ಶಿಬಿರ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮುಟ್ಟಿನ ಅತಿ ರಕ್ತಸ್ರಾವಕ್ಕೆ ಉಚಿತ ತಪಾಸಣೆ ಎಂದು ಕಳೆದ ವರ್ಷ ನೀವು ಶಿಬಿರ ನಡೆಸಿದ್ದು ನಮ್ಮ ಬಡಾವಣೆಯ ಪ್ರಾರ್ಥನಾ ಮಂದಿರದಲ್ಲಿ. ಮುಟ್ಟಾದ ಹೆಂಗಸರು ಅದರ ಗೇಟು ದಾಟುವಂತಿಲ್ಲ ಎಂಬುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವೇ? ಅಥವಾ ಫ್ಯಾನು, ಕುರ್ಚಿ ಪುಕ್ಕಟೆ ಸಿಗುತ್ತದಲ್ಲ ಎಂದು ಸುಮ್ಮನಾದಿರೋ?

ನಾನೂ ನನ್ನ ಅತ್ತಿಗೆಯೂ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವರು. ಅತ್ತಿಗೆಗೆ ಅರ್ಧ ತಿಂಗಳು ರಕ್ತ ಹೋಗುತ್ತಲೇ ಇತ್ತು. ಹಬೆಯ ಮುಂದೆ ನಿಂತವರು ತಲೆ ಸುತ್ತಿ ಮೇಜು ಹಿಡಿದುಕೊಳ್ಳುತ್ತಿದ್ದರು. ರಜೆ ಹಾಕಿಸಿ ನಾನೇ ನಿಮ್ಮ ಶಿಬಿರಕ್ಕೆ ಎಳೆದುಕೊಂಡು ಹೋದೆ. ಗೇಟಿನಲ್ಲಿ ಕುಳಿತಿದ್ದ ಹಿರಿಯರು ಮರ್ಯಾದೆಯಿಂದಲೇ ಕೇಳಿದರು: "ಶುದ್ಧವಾಗಿದ್ದೀಯೇನಮ್ಮಾ?"

"ಹೂಂ ಅಂದ್ಬಿಡಿ ಅತ್ತಿಗೆ, ಯಾರಿಗೆ ಗೊತ್ತಾಗತ್ತೆ?" ಎಂದು ಪಿಸುಗುಟ್ಟಿದೆ.

"ದೇವರಿಗೆ ಗೊತ್ತಾಗಲ್ವೇನೇ?" ಎಂದರು ಅತ್ತಿಗೆ.

ನಿಮ್ಮ ಏರ್ಪಾಡಿನ ಚಂದ ನೋಡಿ. ಗೇಟಿನಲ್ಲಿ ರಕ್ತ ಹೋಗುತ್ತಿಲ್ಲ ಎನ್ನಬೇಕು, ಒಳಗೆ ಡಾಕ್ಟರ ಮುಂದೆ ಹೋಗುತ್ತಿದೆ ಎನ್ನಬೇಕು. ಅತ್ತಿಗೆಗೆ ಆ ಜಾಣತನ ಬರಲಿಲ್ಲ. ನಾನೊಬ್ಬಳೇ ಒಳಗೆ ಹೋಗಿ ಡಾಕ್ಟರನ್ನು ಕರೆದೆ. "ಮಂಚ, ಮೆಷಿನ್ನು ಎಲ್ಲಾ ಇಲ್ಲೇ ಇದೆಯಮ್ಮಾ, ಅವರನ್ನೇ ಕರ್ಕೊಂಡು ಬನ್ನಿ" ಎಂದರು. ಅವರೂ ಪಾಪ, ರಸ್ತೆಯಲ್ಲಿ ಮಲಗಿಸಿ ನೋಡಲು ಸಾಧ್ಯವೇ? ಮರುದಿನ ನಿಮ್ಮ ಪ್ರಕಟಣೆ ಬಂತು: ಶಿಬಿರ ಯಶಸ್ವಿ, ಈ ಭಾಗದಲ್ಲಿ ಗಂಭೀರ ತೊಂದರೆಗಳು ಕಂಡುಬಂದಿಲ್ಲ. ಹೇಗೆ ಕಂಡೀತು ಸ್ವಾಮೀ? ತೊಂದರೆ ಇದ್ದವರೆಲ್ಲ ಗೇಟಿನ ಹೊರಗಿದ್ದರು.

ಆಮೇಲೆ ದೊಡ್ಡಾಸ್ಪತ್ರೆಗೆ ಕರೆದರೆ, "ದೇವರ ಬಾಗಿಲಿಂದಲೇ ವಾಪಸ್ ಬಂದಿದ್ದೀನಿ, ಇನ್ನೆಲ್ಲೂ ಬೇಡ ಬಿಡೇ" ಎಂದು ಹಟ ಹಿಡಿದರು. ಕೆಲವು ತಿಂಗಳ ನಂತರ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದು ಬಿದ್ದರು. ರಕ್ತ ಕೊಟ್ಟು ಜೀವ ಉಳಿಸಿದರು, ಗರ್ಭಕೋಶ ತೆಗೆದರು. ಮೊದಲೇ ಬಂದಿದ್ದರೆ ಅದನ್ನೂ ಉಳಿಸಬಹುದಿತ್ತಂತೆ. ಒಂದು ಮಗುವಿಗಾಗಿ ವರ್ಷಗಟ್ಟಲೆ ಕಾದವರು ನನ್ನ ಅತ್ತಿಗೆ.

ಮಂದಿರದ ನಿಯಮದ ಬಗ್ಗೆ ಹಿರಿಯರ ಜೊತೆ ನಾನೇ ಜಗಳ ಕಾಯುತ್ತೇನೆ, ಅದು ನಮ್ಮ ನಮ್ಮ ವಿಷಯ. ಆದರೆ ಸರ್ಕಾರದ ಡಾಕ್ಟರನ್ನು ಆ ನಿಯಮದ ಹಿಂದೆ ಕೂರಿಸಿದವರು ನೀವು.

ಈಗ ಮತ್ತೆ ಕರಪತ್ರ ಬಂದಿದೆ. ಅದೇ ಶಿಬಿರ, ಅದೇ ಮಂದಿರ. ದಯವಿಟ್ಟು ಜಾಗ ಬದಲಿಸಿ. ಶಾಲೆಯ ಕೊಠಡಿಯಾಗಲಿ, ನಮ್ಮ ಕಾರ್ಖಾನೆಯ ಊಟದ ಕೋಣೆಯಾಗಲಿ, ಯಾವ ಹೆಂಗಸೂ ಯಾವ ದಿನವೂ ಕಾಲಿಡಬಹುದಾದ ಕಡೆ ನಡೆಸಿ. ಅದಾಗದಿದ್ದರೆ ಕರಪತ್ರದಲ್ಲಿ ಒಂದು ಸಾಲು ಸೇರಿಸಿ: ರಕ್ತಸ್ರಾವ ಇರುವವರು ಬರಬೇಡಿ.

ಕರಪತ್ರವನ್ನು ಅತ್ತಿಗೆಯೂ ಓದಿದರು. ಓದಿ ನನ್ನತ್ತ ನೋಡದೆ ಹೇಳಿದರು: "ಈ ಸಲ ನನ್ನನ್ನ ಒಳಗೆ ಬಿಡ್ತಾರೆ ಕಣೇ."

ಇಂತಿ,
ಗೇಟಿನ ಒಳಗೂ ಹೊರಗೂ ಓಡಾಡಿ ಏನೂ ಮಾಡಲಾಗದ
ಒಬ್ಬ ನಾದಿನಿ