ಮಡಚಿದ ಕಿರುಬೆರಳು

॥ ಜೈ ಜಿನೇಂದ್ರ ॥
ಇಚಲಕರಂಜಿ, 14-9-2025

ಚಿ. ಸೌ. ನೂತನಳಿಗೆ ಅಕ್ಕನ ಆಶೀರ್ವಾದ.

ಬರೆಯಲು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಂದು ಫೋನ್ ಎತ್ತುತ್ತೀ, ನಾಳೆ ಎತ್ತುತ್ತೀ ಎಂದು ಕಾದೆ. ಪರ್ವದ ಉಪವಾಸಗಳು ಚೆನ್ನಾಗಿ ಮುಗಿದವು. ಪಾರಣೆಗೆ ಒಬ್ಬಳೇ ಕುಳಿತು ಹೆಸರುಬೇಳೆ ಕಟ್ಟು ಕುಡಿದೆ.

ಶಾಲೆಯಲ್ಲಿ ನನ್ನ ಕಸ ಗುಡಿಸುವ, ಗಂಟೆ ಹೊಡೆಯುವ ಕೆಲಸ ನಡೆದಿದೆ. ಮಳೆಗಾಲದ ಆರಂಭದಲ್ಲಿ ಮಕ್ಕಳಿಗೆ ಕೆಟ್ಟ ಸ್ಪರ್ಶದ ಪಾಠ ಹೇಳಿದ್ದ ಕೊಲ್ಲಾಪುರದ ರುಪಾಲಿ ಮೇಡಮ್, ಎಷ್ಟು ಉಳಿದಿದೆ ಎಂದು ನೋಡಲು ಮತ್ತೆ ಬಂದಿದ್ದರು. ಪಾಠದಲ್ಲಿ ಒಂದೊಂದು ಬೆರಳಿಗೆ ನಂಬಿಕೆಯ ಒಬ್ಬರ ಹೆಸರಿಡಬೇಕು. ಮೊದಲು ಹೇಳುವುದು ಕಿರುಬೆರಳಿನವರಿಗೆ, ಅವರು ಕೇಳದಿದ್ದರೆ ಆ ಬೆರಳನ್ನು ಮಡಚಿ ಮುಂದಿನವರಿಗೆ ಹೇಳಬೇಕು, ಕೇಳುವವರು ಸಿಗುವ ತನಕ. ಆ ಪಾಠದಿಂದಲೇ ನಿನ್ನ ಮಗಳು ಸಾಯಲಿ ತನ್ನ ಕಾಕಾ, ಅಂದರೆ ನಿನ್ನ ಮೈದುನ, ಮಾಡಿದ್ದನ್ನು ನನಗೆ ಹೇಳಿದಳು. ನಾನು ಮೇಡಮ್‌ಗೆ ಹೇಳಿದೆ, ಅವರು ಠಾಣೆಗೆ. ಈಗ ಅವನು ಜಾಮೀನಿನ ಮೇಲೆ ದಾನೋಳಿಗೆ, ನಿಮ್ಮ ಮನೆಗೇ ಮರಳಿದ್ದಾನಂತೆ. ಶಾಲೆ ಬಿಟ್ಟದ್ದು ಮಾತ್ರ ಸಾಯಲಿ. ಅವಳು ಯಾರ ಮಗ್ಗುಲಲ್ಲಿ ಮಲಗುತ್ತಾಳೆ?

ಮಕ್ಕಳು ಎಲ್ಲ ಸರಿಯಾಗಿ ಹೇಳಿದರು. ಬೇಡ ಅನ್ನುತ್ತೇವೆ, ಓಡುತ್ತೇವೆ ಎಂದರು. ಯಾರಿಗೆ ಹೇಳುತ್ತೀರಿ ಎಂದಾಗ ಒಂದು ಬೆರಳೂ ಏಳಲಿಲ್ಲ. ಕೊನೆಗೆ ಸಾಯಲಿಯ ಗೆಳತಿ ಸಾರಿಕಾ, "ಹೇಳಿದ್ರ ಸಾಲಿ ಬಿಡಸ್ತಾರ್ರಿ" ಅಂದಳು. ಮೇಡಮ್ ಬರೆಯುವುದನ್ನು ನಿಲ್ಲಿಸಿದರು. ನಾನು ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತೆ.

ಬಸದಿಯಲ್ಲಿ ನನ್ನ ಚಾಪೆಯ ಮೇಲೆ ಈಗ ಯಾರೂ ಕೂಡುವುದಿಲ್ಲ. ಕ್ಷಮಾವಾಣಿಯ ದಿನ ಎಲ್ಲರೂ ಒಬ್ಬರಿಗೊಬ್ಬರು ಕೈ ಮುಗಿದು ವರ್ಷದ ತಪ್ಪಿಗೆ ಕ್ಷಮೆ ಕೇಳುವಾಗ ಹಿರಿಯರಾದ ತಾತ್ಯಾಸಾಹೇಬರು ನನ್ನನ್ನು ಕರೆದರು.

"ತಂಗಿ ಮನಿಯವರಿಗೆ ಒಮ್ಮೆ ಕೈ ಮುಗದ ಬಿಡವಾ. ಮುಗೀತೈತಿ."

"ಇರಿವಿ ತುಳಿದಿದ್ರ ಇರಿವೀಗೂ ಕೈ ಮುಗೀತೀನ್ರಿ ತಾತ್ಯಾ. ಕೂಸಿನ ಮಾತ ಕೇಳಿದ್ದಕ್ಕ ಹೆಂಗ ಮುಗೀಲಿ?" ಅಂದೆ.

ಅವರು ಚಪ್ಪಲಿ ಹುಡುಕತೊಡಗಿದರು.

ಗಡಹಿಂಗ್ಲಜದ ಶಾಲೆಗಳಲ್ಲಿ ಇದೇ ಪಾಠ ಶುರುವಾಗಲಿದೆ. ಮೇಡಮ್ ಜೊತೆಗೆ ಬಾ ಅಂದಿದ್ದಾರೆ. ಹೋಗುತ್ತೇನೆ.

ಪಾರ್ಶ್ವನಾಥ ಸ್ವಾಮಿ ನಿನ್ನನ್ನೂ ಮಗಳನ್ನೂ ಕಾಯಲಿ.

ನಿನ್ನ ಅಕ್ಕ,
ರತ್ನಮಾಲಾ

ತಾ.ಕ.: ಪ್ರತಿ ಕ್ಷಮಾವಾಣಿಗೆ ನಿನ್ನ ಫೋನೇ ಮೊದಲು ಬರುತ್ತಿತ್ತು. ಈ ಸಲ ಬರಲಿಲ್ಲ, ಯಾಕೆಂದು ನನಗೆ ಗೊತ್ತು. ಸಾಯಲಿ ನನ್ನ ಹತ್ತಿರ ಬಂದಾಗ ಅವಳ ಕಿರುಬೆರಳು ಆಗಲೇ ಮಡಚಿಕೊಂಡಿತ್ತು. "ಮೊದಲ ಅವ್ವಗ ಹೇಳಿದ್ನಿ ದೊಡ್ಡವ್ವಾ, ಸುಮ್ನಿರು ಅಂದ್ಳು" ಅಂದಳು. ಇದನ್ನು ನಾನು ಮೇಡಮ್‌ಗೂ ಹೇಳಿಲ್ಲ, ಠಾಣೆಯಲ್ಲೂ ಹೇಳಿಲ್ಲ. ನೀನು ನನ್ನ ಕ್ಷಮೆ ಕೇಳುವುದು ಬೇಡ ನೂತನ. ಅವಳ ಹತ್ತಿರ ಕುಳಿತು ಆ ಬೆರಳು ಬಿಡಿಸು.