ಮೇಲಿನ ಸಾಲು

ಹುನಗುಂದ
ನವೆಂಬರ್ ೨೦೦೩

ಮನೆಯವರಿಗೆ,

ಎಡಗೈಯಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ನೀವು ಮಗ್ಗದ ಲಾಳಿಯಿಂದ ಜಜ್ಜಿದ ಬಲಗೈ ಬೆರಳುಗಳು ಇನ್ನೂ ಕೂಡಿಲ್ಲ. ಸೀರೆಗೆ ಸೆರಗು ಜೋಡಿಸುವ ಕೆಲಸ ಇನ್ನು ನನ್ನಿಂದಾಗದು.

ಇಳಕಲ್ಲಿನಿಂದ ಕಂಪ್ಯೂಟರ್ ಕ್ಲಾಸಿನ ಸರ್ ನನ್ನನ್ನು ನೋಡಲು ತವರಿಗೆ ಬಂದಿದ್ದರು. ಅವರು ಕ್ಲಾಸಿನ ಕಂಪ್ಯೂಟರಿನ ಗಡಿಯಾರವನ್ನು ನಮ್ಮ ವೇಳೆಗೇ ಇಟ್ಟಿದ್ದರಂತೆ, ಆದರೆ ಅದರಲ್ಲಿ ದೇಶ ಮಾತ್ರ ಅಮೆರಿಕ ಎಂದೇ ಉಳಿದಿತ್ತಂತೆ. ಅಲ್ಲಿ ಚಳಿಗಾಲಕ್ಕೆ ಗಡಿಯಾರವನ್ನು ಒಂದು ತಾಸು ಹಿಂದೆ ಸರಿಸುತ್ತಾರಂತೆ. ಈ ಗಡಿಯಾರವೂ ಅಕ್ಟೋಬರ್ ಕೊನೆಯ ಭಾನುವಾರ ತಾನಾಗಿಯೇ ಹಿಂದೆ ಸರಿದಿತ್ತು. ಮರುದಿನ ಸೋಮವಾರ ನಾನು ಕ್ಲಾಸಿನಿಂದ ಐದಕ್ಕೆ ಹೊರಟರೂ ಕಂಪ್ಯೂಟರ್ ಅಚ್ಚು ಹಾಕುವ ಹಾಜರಿ ಚೀಟಿಯಲ್ಲಿ ನಾಲ್ಕು ಎಂದು ಬಂತು.

"ಒಂದ್ ತಾಸ ಯಾರ ಕೂಡ ಇದ್ದಿ? ಮಷೀನ ಸುಳ್ಳ ಹೇಳ್ತೈತೇನ?" ಎನ್ನುತ್ತಲೇ ನನ್ನ ತಲೆಯನ್ನು ಮಗ್ಗದ ಕಂಬಕ್ಕೆ ಅಪ್ಪಳಿಸಿದಿರಿ. "ಸಾಯ್ತಾಳೋ, ಬಿಡೋ" ಎಂದು ಅಡ್ಡ ಬಂದ ಅತ್ತೆಯನ್ನೂ ಒದ್ದಿರಿ.

ನೀವು ಓದಿದ್ದು ಚೀಟಿಯ ಕೆಳಗಿನ ಸಾಲು, ಹೊರಟ ವೇಳೆ. ಮೇಲಿನ ಸಾಲಿನಲ್ಲಿ ಒಳಬಂದ ವೇಳೆ ಎರಡು ಎಂದಿತ್ತು. ಅಂದು ಮೂರಕ್ಕೆ ನನ್ನನ್ನು ಗಾಡಿಯಲ್ಲಿ ಕ್ಲಾಸಿನ ಬಾಗಿಲಿಗೆ ಬಿಟ್ಟವರು ನೀವೇ.

ನನ್ನ ಟ್ರಂಕನ್ನು ಬಸ್ಸಿಗೆ ಹಾಕಿ ಕಳಿಸಿರಿ. ನೀವಾಗಿ ತರಬೇಡಿ, ಅಣ್ಣ ಕೊಡಲಿ ಮಸೆದು ಕೂತಿದ್ದಾನೆ.

ಗಂಡನ ಹೆಸರು ಹೇಳಬಾರದೆಂದು ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ನಿನ್ನೆ ಠಾಣೆಯಲ್ಲಿ ಹೇಳಿದೆ. ಫಿರ್ಯಾದಿಯಲ್ಲಿ ಅದು ಮೇಲಿನ ಸಾಲಿನಲ್ಲೇ ಇದೆ. ಈ ಸಲವಾದರೂ ಓದಿರಿ.

ಮಾದೇವಿ